ವಾದಸಭೆಯಿಂದ ಸಮಾಜಸಭೆಗೆ: ಜೈನ ಸಂಘಜೀವನದಲ್ಲಿ ಸಂವಾದದ ಪರಂಪರೆ

ಭಗವಾನ್ ಮಹಾವೀರ ಸ್ವಾಮಿಗೆ ಋಜುಕೂಲಾ ನದೀತೀರದಲ್ಲಿ ಕೇವಲಜ್ಞಾನವು ಉದಯವಾದ ಮೇಲೆ 66 ದಿವಸಗಳ ಕಾಲ ದಿವ್ಯಧ್ವನಿಯು ಹೊರಹೊಮ್ಮಲಿಲ್ಲವೆಂಬುದು ದಿಗಂಬರ ಆಮ್ನಾಯದಲ್ಲಿ ಪ್ರಸಿದ್ಧವಾದ ಸಂಗತಿ. ಸಮವಸರಣ ರಚಿತವಾಗಿತ್ತು, ದೇವತೆಗಳು, ಮನುಷ್ಯರು, ತಿರ್ಯಂಚಗಳು ತಮ್ಮ ತಮ್ಮ ಕೋಷ್ಠಗಳಲ್ಲಿ ಸೇರಿದ್ದರು. ಆದರೂ ವಾಣಿ ಹೊರಡಲಿಲ್ಲ. ಕಾರಣ, ಅದನ್ನು ಗ್ರಹಿಸಿ, ಪ್ರಶ್ನಿಸಿ, ಧರಿಸಬಲ್ಲ ಗಣಧರನಿರಲಿಲ್ಲ. ಇಂದ್ರನು ವೃದ್ಧ ಬ್ರಾಹ್ಮಣನ ವೇಷದಿಂದ ಇಂದ್ರಭೂತಿ ಗೌತಮನೆಂಬ ಮಹಾವಿದ್ವಾಂಸನ ಬಳಿಗೆ ಹೋಗಿ, ಒಂದು ಶ್ಲೋಕದ ಅರ್ಥವನ್ನು ಕೇಳಿದನು. ಅರ್ಥ ಹೇಳಲಾರದ ಗೌತಮನು, ನಿನ್ನ ಗುರುವಿನೊಡನೆಯೇ ವಾದ ಮಾಡುವೆನೆಂದು ಹೊರಟು ಬಂದನು. ವಾದಿಸಲೆಂದು ಬಂದವನು ಪ್ರಥಮ ಗಣಧರನಾದನು. ಉತ್ತರದೇಶದ ಗಣನೆಯಂತೆ ಶ್ರಾವಣ ಕೃಷ್ಣ ಪ್ರತಿಪದೆಯಂದು ರಾಜಗೃಹದ ವಿಪುಲಾಚಲದಲ್ಲಿ ದಿವ್ಯಧ್ವನಿಯು ಪ್ರವರ್ತಿಸಿತು. ಆ ದಿನವನ್ನು ಇಂದಿಗೂ ವೀರಶಾಸನ ಜಯಂತಿಯೆಂದು ಆಚರಿಸುತ್ತಾರೆ.

ಈ ಕಥೆಯನ್ನು ಭಕ್ತಿಯಿಂದ ಕೇಳುವವರು ಅದರಲ್ಲಿರುವ ಒಂದು ಸೂಕ್ಷ್ಮವನ್ನು ಮರೆಯಬಾರದು. ಸರ್ವಜ್ಞನ ವಾಣಿಯು ಕೂಡ ಕೇಳಬಲ್ಲವನೊಬ್ಬನಿಗಾಗಿ ಕಾದಿತು. ಆ ಕೇಳುವವನು ಅಂಧಶ್ರದ್ಧೆಯ ಅನುಯಾಯಿಯಾಗಿರಲಿಲ್ಲ, ಎದುರುಪಕ್ಷದಿಂದ ಬಂದವನಾಗಿದ್ದನು. ಜೈನ ಪುರಾಣಗಳ ಕಟ್ಟಡವೂ ಇದೇ ತಳಹದಿಯ ಮೇಲೆ ನಿಂತಿದೆ. ಮಗಧದ ಅರಸ ಶ್ರೇಣಿಕನು ಪ್ರಶ್ನೆ ಮಾಡುತ್ತಾನೆ, ಗೌತಮ ಗಣಧರರು ಉತ್ತರಿಸುತ್ತಾರೆ. ಆ ಉತ್ತರವೇ ಪುರಾಣವಾಗುತ್ತದೆ. ರಾಜ್ಯವಾಳುವವನು ಸಭೆಯಲ್ಲಿ ಕುಳಿತು ಸಂದೇಹವನ್ನು ಬಾಯ್ಬಿಟ್ಟು ಕೇಳುವುದು ಅಗೌರವವೆಂದು ನಮ್ಮ ಪೂರ್ವಾಚಾರ್ಯರು ಎಂದೂ ಭಾವಿಸಲಿಲ್ಲ. ಅನೇಕಾಂತವಾದವನ್ನು ತತ್ತ್ವಶಾಸ್ತ್ರದ ಜಟಿಲ ಸಿದ್ಧಾಂತವೆಂದು ಪಂಡಿತರಿಗೆ ಬಿಟ್ಟುಕೊಡುವುದು ವಾಡಿಕೆಯಾಗಿದೆ. ಆದರೆ 'ಸ್ಯಾತ್' ಎಂಬ ಪದವು ಮೂಲತಃ ಮಾತಿನ ಸಂಯಮ. ಯಾವ ಅಪೇಕ್ಷೆಯಿಂದ ಈ ಮಾತನ್ನು ಹೇಳುತ್ತಿದ್ದೇನೆ ಎಂಬ ಎಚ್ಚರವಿಲ್ಲದೆ ಬಾಯಿ ತೆರೆಯಬಾರದೆಂಬುದು ಅದರ ತಾತ್ಪರ್ಯ. ಇಂತಹ ಎಚ್ಚರವು ಗ್ರಂಥದಿಂದ ಬರುವುದು ಕಷ್ಟ. ಎದುರಿಗೆ ಮತ್ತೊಬ್ಬನು ಕುಳಿತಿರಬೇಕು.

ಕರ್ನಾಟಕದಲ್ಲಿ ಈ ಪರಂಪರೆ ಮೊದಲು ಕಾಣಿಸಿಕೊಳ್ಳುವುದು ವಾದಸಭೆಗಳ ರೂಪದಲ್ಲಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿಯು ಈ ವಿಷಯದಲ್ಲಿ ಒಂದು ಭಂಡಾರವೇ ಸರಿ. ಸಮಂತಭದ್ರ ಸ್ವಾಮಿಗಳು ಪಾಟಲಿಪುತ್ರದಿಂದ ಮೊದಲುಗೊಂಡು ಮಾಲವ, ಸಿಂಧು, ಠಕ್ಕ, ಕಾಂಚಿ, ವಿದಿಶೆಗಳಲ್ಲಿ ವಾದಭೇರಿಯನ್ನು ಹೊಡೆಯಿಸಿ ಕೊನೆಗೆ ಕರಹಾಟಕಕ್ಕೆ ಬಂದರೆಂದೂ, ಅಕಲಂಕದೇವರು ಸಾಹಸತುಂಗನ ಆಸ್ಥಾನದಲ್ಲಿ ತಮ್ಮ ವಾದವನ್ನು ಮಂಡಿಸಿದರೆಂದೂ ಅದು ವರ್ಣಿಸುತ್ತದೆ. ಚಾಲುಕ್ಯ ಜಯಸಿಂಹನ ರಾಜಧಾನಿಯಲ್ಲಿ ವಾದಿರಾಜರು ಮೆರೆದರು. ಸಮಂತಭದ್ರರ 'ಆಪ್ತಮೀಮಾಂಸೆ'ಯ ಹೆಸರೇ ಆ ಕಾಲದ ಧೈರ್ಯಕ್ಕೆ ಸಾಕ್ಷಿ. ಆಪ್ತನನ್ನೇ ಪರೀಕ್ಷೆಗೆ ಒಳಪಡಿಸುವ ಗ್ರಂಥವದು. ದೇವತೆಗಳ ಆಗಮನ, ಚಾಮರಾದಿ ವಿಭೂತಿಗಳು ಇಂದ್ರಜಾಲಿಗರಲ್ಲಿಯೂ ಕಾಣಬರುವುದರಿಂದ ಅಷ್ಟರಿಂದಲೇ ನೀನು ನಮಗೆ ಪೂಜ್ಯನಲ್ಲವೆಂದು ತೀರ್ಥಂಕರನಿಗೇ ಹೇಳಿ ಅದು ಆರಂಭವಾಗುತ್ತದೆ. ಅಕಲಂಕರು ಅದಕ್ಕೆ 'ಅಷ್ಟಶತಿ'ಯನ್ನೂ, ವಿದ್ಯಾನಂದರು 'ಅಷ್ಟಸಹಸ್ರಿ'ಯನ್ನೂ ಬರೆದರು. ಪರೀಕ್ಷೆಯ ಮೇಲೆ ಪರೀಕ್ಷೆ ನಡೆಯಿತು, ಶ್ರದ್ಧೆಯೇನೂ ಕುಂದಲಿಲ್ಲ.

ಆದರೂ ವಾದಸಭೆಯ ಮಿತಿಯನ್ನು ಒಪ್ಪಿಕೊಳ್ಳಲೇಬೇಕು. ಅಲ್ಲಿ ಒಬ್ಬನು ಗೆಲ್ಲುತ್ತಾನೆ, ಮತ್ತೊಬ್ಬನು ಸೋಲುತ್ತಾನೆ. ಗೆದ್ದವನಿಗೆ ಬಿರುದು, ಸೋತವನಿಗೆ ಮುಖಭಂಗ. ಪ್ರಶಸ್ತಿಗಳಲ್ಲಿ ಸೋತ ವಾದಿಗಳ ಗತಿಯನ್ನು ವರ್ಣಿಸುವ ಉತ್ಸಾಹವನ್ನು ನೋಡಿದರೆ, ಸ್ಯಾದ್ವಾದಿಗಳು ಕೂಡ ಕೆಲವೊಮ್ಮೆ ಸ್ಯಾದ್ವಾದವನ್ನು ಆಸ್ಥಾನದ ಬಾಗಿಲಲ್ಲಿಯೇ ಬಿಟ್ಟು ಒಳಹೊಕ್ಕಂತೆ ತೋರುತ್ತದೆ. ಈ ಸಭೆಗಳು ಮಹಾತಾರ್ಕಿಕರನ್ನು ಬೆಳೆಸಿದವು. ಊರಿನ ಕೆರೆ, ಬಸದಿ, ಸಂತೆ, ಸುಂಕಗಳನ್ನು ನೋಡಿಕೊಳ್ಳುವ ಗೃಹಸ್ಥ ಮುಂದಾಳುಗಳು ಬೆಳೆದುದು ಬೇರೆಡೆಯಲ್ಲಿ.

ಆ ಬೇರೆಡೆ ಯಾವುದೆಂಬುದನ್ನು ಬೆಳಗೊಳದ ಶಾಸನಗಳೇ ತಿಳಿಸುತ್ತವೆ. ಹೊಯ್ಸಳ ಇಮ್ಮಡಿ ಬಲ್ಲಾಳನ ಪಟ್ಟಣಸ್ವಾಮಿಯಾಗಿದ್ದ ಮಂತ್ರಿ ನಾಗದೇವನು ಕ್ರಿ.ಶ. 1195ರ ಸುಮಾರಿನಲ್ಲಿ ಕಟ್ಟಿಸಿದ ಬಸದಿಗೆ 'ನಗರ ಜಿನಾಲಯ'ವೆಂದು ಹೆಸರು. ನಗರ ಅಥವಾ ನಖರವೆಂದರೆ ವರ್ತಕರ ಸಂಘ. ಖಂಡಲಿ ಮತ್ತು ಮೂಲಭದ್ರರ ವಂಶದವರೆಂದು ಹೇಳಿಕೊಳ್ಳುವ ಬೆಳಗೊಳದ ವರ್ತಕರ ಈ ಸಂಘವು ಆ ಜಿನಾಲಯದ ಪೋಷಕವಾಗಿತ್ತು. ಮುಂದಿನ ಶತಮಾನದ ಶಾಸನಗಳಲ್ಲಿ ಈ ನಖರದವರು ತಮ್ಮೊಳಗೆ ಒಡಂಬಟ್ಟು, ದೇವರ ಪೂಜೆಗೂ ಜೀರ್ಣೋದ್ಧಾರಕ್ಕೂ ವ್ಯಾಪಾರದ ಮೇಲೆ ಇಂತಿಷ್ಟು ತೆರುವೆವೆಂದು ಕಟ್ಟು ಮಾಡಿಕೊಂಡುದು ಕಂಡುಬರುತ್ತದೆ. 'ಒಡಂಬಟ್ಟು' ಎಂಬ ಆ ಒಂದು ಮಾತಿನ ಹಿಂದೆ ಎಷ್ಟು ಸಂಜೆಗಳ ಚರ್ಚೆ, ಎಷ್ಟು ಚೌಕಾಶಿ, ಎಷ್ಟು ಕೋಪತಾಪಗಳಿದ್ದಿರಬೇಕೆಂಬುದನ್ನು ಒಂದು ಬಸದಿಯ ಸಮಿತಿಯಲ್ಲಿ ಕೆಲಸ ಮಾಡಿದವರು ಯಾರಾದರೂ ಊಹಿಸಬಲ್ಲರು. ಅರಸನ ಅಪ್ಪಣೆಯಿಂದ ವಸೂಲಾಗುವ ತೆರಿಗೆಗೂ, ಸಭೆ ಸೇರಿ ತಾವೇ ವಿಧಿಸಿಕೊಂಡ ತೆರಿಗೆಗೂ ಅಂತರವಿದೆ. ಎರಡನೆಯದು ನಾಯಕನನ್ನು ತಯಾರು ಮಾಡುತ್ತದೆ. ಏಕೆಂದರೆ ಕೊಡಲೊಲ್ಲದವನಿಗೆ ಕೊಡಬೇಕಾದ ಕಾರಣವನ್ನು ತಿಳಿಹೇಳಬೇಕಾಗುತ್ತದೆ.

ಈ ಶಿಕ್ಷಣದ ಬೆಲೆ ತಿಳಿದುದು ಎರಡು ಶತಮಾನಗಳ ತರುವಾಯ, ಹೊಯ್ಸಳ ರಾಜ್ಯವು ಅಳಿದು ವಿಜಯನಗರವು ತಲೆಯೆತ್ತಿದ ಕಾಲದಲ್ಲಿ. ಜೈನರ ಹಿಂದಿನ ರಾಜಾಶ್ರಯ ಅಷ್ಟರಲ್ಲಿ ಬಹುಮಟ್ಟಿಗೆ ಕರಗಿತ್ತು. ಗಂಗರಾಜನಂತಹ ದಂಡನಾಯಕನಾಗಲಿ, ಹುಳ್ಳನಂತಹ ಭಂಡಾರಿಯಾಗಲಿ ಜೈನರ ಬೆನ್ನಿಗಿರಲಿಲ್ಲ. ಆಗ ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದವೆದ್ದಿತು. ಬಸದಿಗಳಲ್ಲಿ ಪಂಚಮಹಾವಾದ್ಯಗಳನ್ನು ನುಡಿಸುವ, ಕಲಶವನ್ನು ಇಡುವ ಹಕ್ಕೂ ಈ ವಿವಾದದಲ್ಲಿ ಸೇರಿತ್ತು. ಇಂದಿನವರಿಗೆ ಇದು ಸಣ್ಣ ವಿಷಯವಾಗಿ ಕಾಣಬಹುದು. ಆದರೆ ವಾದ್ಯವಿಲ್ಲದ, ಕಲಶವಿಲ್ಲದ ಬಸದಿಯು ಸಾರ್ವಜನಿಕ ಸ್ಥಾನವನ್ನು ಕಳೆದುಕೊಂಡಂತೆ. ಊರಿನಲ್ಲಿ ಇದ್ದೂ ಇಲ್ಲದಂತಾಗುವ ಭೀತಿ ಅದು.

ಆ ಸನ್ನಿವೇಶದಲ್ಲಿ ಜೈನರು ಮಾಡಿದುದೇನು? ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಸಮಸ್ತ ನಾಡುಗಳ ಭವ್ಯಜನರು ಒಟ್ಟುಗೂಡಿ ವೀರ ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡರು. ಶಕವರ್ಷ 1290ರ, ಎಂದರೆ ಕ್ರಿ.ಶ. 1368ರ, ಕೀಲಕ ಸಂವತ್ಸರದ ಭಾದ್ರಪದ ಮಾಸದ ಆ ಪ್ರಸಿದ್ಧ ಶಾಸನವು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೇ ಒಪ್ಪಂದದ ಶಾಸನವಿದೆ. ಬೆಳಗೊಳದ ಶಾಸನದ ಕಲ್ಲೆಹವು ಈ ಕಲ್ಯವೇ ಎಂಬುದು ವಿದ್ವಾಂಸರ ಅಭಿಪ್ರಾಯ. ಹೆಸರಿಸಿದ ಊರುಗಳು ಒಂದಕ್ಕೊಂದು ದೂರದೂರದಲ್ಲಿರುವುದನ್ನು ಗಮನಿಸಬೇಕು. ತುಂಗಭದ್ರೆಯ ದಡದ ಆನೆಗೊಂದಿಗೂ ಮಾಗಡಿಯ ಸೀಮೆಗೂ ನಡುವೆ ಅನೇಕ ದಿನಗಳ ಪಯಣ. ಅಂಚೆಯಿಲ್ಲದ ಕಾಲದಲ್ಲಿ ಇಷ್ಟು ನಾಡುಗಳ ಜನರು ಒಂದೇ ಬಿನ್ನಹವನ್ನು ಒಂದೇ ಕಂಠದಿಂದ ಮಾಡಬೇಕಾದರೆ, ಅದಕ್ಕೆ ಮೊದಲು ಅವರವರ ಊರುಗಳಲ್ಲಿ ಮಾತಾಡಿ ನಿಶ್ಚಯಿಸುವ ಅಭ್ಯಾಸವಿರಬೇಕು.

ಬುಕ್ಕರಾಯನ ನಡವಳಿಕೆಯೂ ಶ್ಲಾಘನೀಯವಾದುದು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ, ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ, ತಿರುಕುಲ ಜಾಂಬವಕುಲದವರವರೆಗೆ ಸಂಬಂಧಪಟ್ಟ ಸಮಸ್ತರನ್ನೂ ಮುಂದಿಟ್ಟುಕೊಂಡು ಅವನು ತೀರ್ಪಿತ್ತನು. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟುಕೊಟ್ಟನು. ಹಿಂದಿನ ಮರ್ಯಾದೆಯಂತೆ ಪಂಚಮಹಾವಾದ್ಯವೂ ಕಲಶವೂ ಜೈನರಿಗೆ ಸಲ್ಲತಕ್ಕವು. ಜೈನ ದರ್ಶನಕ್ಕೆ ಒದಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮ ಹಾನಿವೃದ್ಧಿಗಳೆಂದೇ ಎಣಿಸತಕ್ಕದ್ದು. ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನಡೆಸತಕ್ಕವರು ಶ್ರೀವೈಷ್ಣವರೇ. ಇಲ್ಲಿ ರಾಜನು ಯಾವ ಸಿದ್ಧಾಂತವು ಸತ್ಯವೆಂಬ ಪ್ರಶ್ನೆಯನ್ನು ಎತ್ತಲೇ ಇಲ್ಲ. ವಾದಸಭೆಯಾಗಿದ್ದರೆ ಅದೊಂದೇ ಪ್ರಶ್ನೆ ಉಳಿಯುತ್ತಿತ್ತು. ಬುಕ್ಕನ ಬಿರುದಾವಳಿಯಲ್ಲಿ 'ಭಾಷೆಗೆ ತಪ್ಪುವ ರಾಯರ ಗಂಡ' ಎಂಬುದೊಂದಿದೆ. ಕೊಟ್ಟ ಮಾತಿನ ಬೆಲೆಯನ್ನು ಅರಿತ ಅರಸನೆಂಬುದಕ್ಕೆ ಈ ಶಾಸನವೇ ಸಾಕು.

ಒಪ್ಪಂದದ ವ್ಯಾವಹಾರಿಕ ಭಾಗವು ಇನ್ನೂ ಕುತೂಹಲಕರ. ರಾಜ್ಯದ ಜೈನರ ಮನೆಮನೆಗೆ ವರ್ಷಕ್ಕೊಂದು ಹಣದಂತೆ ಎತ್ತಿ, ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ನೇಮಿಸತಕ್ಕದ್ದು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯಿಸತಕ್ಕದ್ದು. ಜೈನರ ಹಣ, ವೈಷ್ಣವ ಆಚಾರ್ಯನ ಆಡಳಿತ, ಜಿನಮಂದಿರದ ರಕ್ಷಣೆ! ಇಂತಹ ಏರ್ಪಾಟನ್ನು ಯಾವುದೇ ಶಾಸ್ತ್ರಗ್ರಂಥದಿಂದ ತೆಗೆಯಲು ಬಾರದು. ಎರಡೂ ಕಡೆಯವರು ಎದುರುಬದುರು ಕುಳಿತು, ಯಾರಿಗೆ ಯಾವುದರ ಭಯ, ಯಾರಿಂದ ಯಾವುದು ಸಾಧ್ಯ ಎಂಬುದನ್ನು ಬಿಚ್ಚಿ ಮಾತಾಡಿದಾಗ ಮಾತ್ರ ಇದು ಹೊಳೆಯುತ್ತದೆ. ಶಾಸನದ ಆರಂಭದಲ್ಲಿ ಶ್ರೀರಾಮಾನುಜರ ಸ್ತುತಿಯಿದೆ. ಪರಮತಗಳನ್ನು ಸುಡುವ ಬಡಬಾಗ್ನಿಯೆಂದು ಅವರನ್ನು ಕೊಂಡಾಡುವ ಶ್ಲೋಕವದು. ಅಂತಹ ಶ್ಲೋಕವನ್ನು ಹೊತ್ತ ಕಲ್ಲನ್ನು ಜೈನರು ತಮ್ಮ ಪರಮಪವಿತ್ರ ಕ್ಷೇತ್ರದಲ್ಲಿ ನಿಲ್ಲಿಸಿಕೊಂಡು, ಆರೂವರೆ ಶತಮಾನಗಳಿಂದ ಉಳಿಸಿಕೊಂಡು ಬಂದಿದ್ದಾರೆ.

ಈ ಒಡಂಬಡಿಕೆಯನ್ನು ಸಮಾನತೆಯ ಪರಮಾವಧಿಯೆಂದು ಕೊಂಡಾಡುವ ಲೇಖಕರುಂಟು. ಅಷ್ಟು ದೂರ ಹೋಗುವುದು ಸರಿಯಲ್ಲ. ಮನೆಗೊಂದು ಹಣ ತೆತ್ತವರು ಜೈನರು ಮಾತ್ರ. ಕಾಯುವವರ ಮತ್ತು ಕಾಯಿಸಿಕೊಳ್ಳುವವರ ನಡುವಣ ಅಂತರವು ಶಾಸನದ ಸಾಲುಗಳಲ್ಲಿ ಅಡಗಿಯೇ ಇದೆ. ಆದರೆ ಸಂಖ್ಯೆಯಲ್ಲಿ ಕುಗ್ಗಿ, ಅಧಿಕಾರದಿಂದ ದೂರವಾದ ಒಂದು ಸಮಾಜವು ಕತ್ತಿಯಿಲ್ಲದೆ, ಊರು ಬಿಡದೆ, ಮಾತಿನಿಂದಲೇ ತನ್ನ ಸ್ಥಾನವನ್ನು ಮರಳಿ ಪಡೆಯಿತೆಂಬುದು ಕಡಮೆಯ ಸಂಗತಿಯಲ್ಲ.

ಶಾಸನದ ತುದಿಯಲ್ಲಿ ತರುವಾಯ ಸೇರಿಸಿದ ಕೆಲವು ಸಾಲುಗಳಿವೆ. ಓದುಗರು ಸಾಮಾನ್ಯವಾಗಿ ಇವುಗಳ ಕಡೆಗೆ ಗಮನ ಕೊಡುವುದಿಲ್ಲ. ಕಲ್ಲೆಹದ ಹರ್ವಿ ಸೆಟ್ಟಿಯ ಮಗ ಬುಸುವಿ ಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನೆಂದೂ, ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಅವು ತಿಳಿಸುತ್ತವೆ. ಜೈನರ ನಾಯಕನಿಗೆ ಜೈನರು ಪಟ್ಟ ಕಟ್ಟುವುದು ಸಹಜ. ಇಲ್ಲಿ ಪಟ್ಟ ಕಟ್ಟಿದವರಲ್ಲಿ ನಿನ್ನೆಯ ಪ್ರತಿಪಕ್ಷದವರೂ ಇದ್ದಾರೆ. ಬುಸುವಿ ಸೆಟ್ಟಿಯು ಗ್ರಂಥಕರ್ತನಲ್ಲ, ದಂಡನಾಯಕನಲ್ಲ. ಅವನ ವಿಷಯವಾಗಿ ಈ ಶಾಸನಗಳು ಹೇಳುವ ಈ ನಾಲ್ಕು ಮಾತುಗಳನ್ನು ಬಿಟ್ಟರೆ ಹೆಚ್ಚಿಗೆ ಉಳಿದಿಲ್ಲ. ಎದುರಿನವರ ವಿಶ್ವಾಸವನ್ನು ಗಳಿಸಿದ ಸೆಟ್ಟಿ ಅವನು. ಮಹಾವಾದಿಗಳ ಬಿರುದುಗಳಿಗಿಂತ ಈ ಒಂದು ಪಟ್ಟವು ಹೆಚ್ಚು ತೂಕದ್ದೆಂದು ಹೇಳಿದರೆ ಪಂಡಿತರು ಕೋಪಿಸಿಕೊಳ್ಳಲಾರರೆಂದು ನಂಬಬಹುದು.

ಈ ಬಗೆಯ ಸಂಧಾನ ಅದೊಂದೇ ಸಲ ನಡೆದುದಲ್ಲ. ಕ್ರಿ.ಶ. 1638ರಲ್ಲಿ ಹಳೆಯಬೀಡಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬವನು ಲಿಂಗಮುದ್ರೆಯನ್ನು ಒತ್ತಿಸಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ವಿಷಯವು ವಿಕೋಪಕ್ಕೆ ಹೋಗಬಹುದಾಗಿತ್ತು. ಪದ್ಮಣ್ಣ ಸೆಟ್ಟಿ ಮೊದಲಾದ ಜೈನ ಪ್ರಮುಖರು ಬೇಲೂರು ಸೀಮೆಯ ವೀರಶೈವ ಮಹಾಮಹತ್ತಿನ ಮುಂದೆ ತಮ್ಮ ಅಹವಾಲನ್ನಿಟ್ಟರು. ವಿಭೂತಿ ವೀಳ್ಯಗಳನ್ನು ಸಲ್ಲಿಸಿದ ಮೇಲೆ ಜೈನರು ತಮ್ಮ ಪೂಜೆ ಉತ್ಸವಗಳನ್ನು ಹಿಂದಿನಿಂದ ನಡೆದುಬಂದಂತೆ ನಡೆಸಿಕೊಳ್ಳಬಹುದೆಂದು ತೀರ್ಮಾನವಾಯಿತು. ಅದಕ್ಕೆ ಅಡ್ಡಬರುವ ವೀರಶೈವನು ತನ್ನ ಮಹಾಮಹತ್ತಿಗೇ ದ್ರೋಹಿಯೆಂದು ಮಹಾಮಹತ್ತಿನವರೇ ಬರೆಯಿಸಿದರು. ವಿಭೂತಿಯ ಷರತ್ತು ಜೈನರಿಗೆ ನುಂಗಲಾರದ ತುತ್ತಾಗಿದ್ದಿರಬೇಕು. ಹಾಗಿದ್ದರೂ ಬಸದಿ ಉಳಿಯಿತು, ಊರು ಒಡೆಯಲಿಲ್ಲ.

ಅನಂತರದ ಎರಡು ಶತಮಾನಗಳ ವಿಷಯದಲ್ಲಿ ಹೇಳತಕ್ಕದ್ದು ಸ್ವಲ್ಪ. ನಖರಗಳು ಹೆಸರಿಗೆ ಉಳಿದವು ಅಥವಾ ಅಳಿದವು. ಮಠಗಳೂ ಮನೆತನಗಳೂ ಧರ್ಮವನ್ನು ಕಾಪಾಡಿದವು. ಚರ್ಚಿಸಿ ನಿರ್ಣಯಿಸುವ ಹವ್ಯಾಸ ಮಾತ್ರ ಕ್ಷೀಣಿಸಿತು. ಅದು ಪುನಃ ಚಿಗುರಿದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಕನ್ನಡ ಮರಾಠಿಗಳು ಒಂದೇ ಅಂಗಳದಲ್ಲಿ ಆಡುವ ಗಡಿಸೀಮೆಯಲ್ಲಿ.

ನಿಪ್ಪಾಣಿಯ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಸ್ಥಾಪಿತವಾಯಿತು. ಇದೇ ಮುಂದೆ ದಕ್ಷಿಣ ಭಾರತ ಜೈನ ಸಭೆಯೆಂದು ಹೆಸರಾಯಿತು. ಬೆಳಗಾವಿ, ಕೊಲ್ಹಾಪುರ, ಸಾಂಗಲಿ ಭಾಗಗಳ ಜೈನರಲ್ಲಿ ಬಹುಮಂದಿ ಒಕ್ಕಲಿಗರು. ಚತುರ್ಥ, ಪಂಚಮ ಮುಂತಾದ ಒಳಪಂಗಡಗಳಾಗಿ ಹಂಚಿಹೋಗಿದ್ದವರು. ಅವರನ್ನು ಒಂದೇ ಹಾಸಿನ ಮೇಲೆ ಕೂಡಿಸಿದುದು ಈ ಸಭೆ. ಕ್ಷೇತ್ರದ ಯಾತ್ರೆಗೆ ಬಂದವನು ದರ್ಶನ ಮುಗಿಸಿ ಮರಳುವ ಮೊದಲು ಅಧಿವೇಶನದಲ್ಲಿ ಕುಳಿತು ವಿದ್ಯಾಭ್ಯಾಸ, ಬಾಲ್ಯವಿವಾಹ, ಸಮಾಜದ ದುಂದುವೆಚ್ಚ ಮೊದಲಾದ ವಿಷಯಗಳನ್ನು ಕೇಳುವಂತಾಯಿತು. ಠರಾವು ಮಂಡಿಸುವುದು, ಅನುಮೋದಿಸುವುದು, ತಿದ್ದುಪಡಿ ಸೂಚಿಸುವುದು, ಬಹುಮತಕ್ಕೆ ತಲೆಬಾಗುವುದು ಎಂಬ ಹೊಸ ಶಿಸ್ತು ನೇಗಿಲು ಹಿಡಿದ ಕೈಗಳಿಗೆ ಪರಿಚಯವಾಯಿತು. ಆಗಿನ ಜೈನ ಸಭೆಗಳಲ್ಲಿ ಶಾಸ್ತ್ರಗ್ರಂಥಗಳನ್ನು ಅಚ್ಚು ಹಾಕಬಹುದೇ ಕೂಡದೇ ಎಂಬ ವಿಷಯದ ಮೇಲೆಯೇ ತೀವ್ರವಾದ ವಾಗ್ವಾದಗಳು ನಡೆದುವೆಂಬುದನ್ನು ಇಂದು ಅಚ್ಚಾದ ಸಂಚಿಕೆಗಳನ್ನು ಓದುವವರು ನೆನೆಯಬೇಕು.

ಈ ಸಭೆಯ ಸ್ಥಾಪಕರಲ್ಲಿ ಅಗ್ರಗಣ್ಯರು ಅಣ್ಣಾಸಾಹೇಬ ಲಠ್ಠೆಯವರು. ಕುರುಂದವಾಡದಲ್ಲಿ 1878ರಲ್ಲಿ ಜನಿಸಿದ ಇವರು ಎಂ.ಎ. ಪದವೀಧರರು, 1905ರಲ್ಲಿಯೇ ಜೈನಧರ್ಮವನ್ನು ಪರಿಚಯಿಸುವ ಇಂಗ್ಲಿಷ್ ಗ್ರಂಥವನ್ನು ಬರೆದವರು, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಅನಂತರ ಬೆಳಗಾವಿಯಲ್ಲಿ ವಕೀಲರಾಗಿ, ಕೊಲ್ಹಾಪುರ ಸಂಸ್ಥಾನದ ದಿವಾನರಾಗಿ, 1937ರಲ್ಲಿ ಖೇರ್ ಮಂತ್ರಿಮಂಡಲದಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಗಳಾದರು. ಪಾನನಿರೋಧದಿಂದ ಕುಂದುವ ವರಮಾನವನ್ನು ತುಂಬಿಕೊಳ್ಳಲು 1939ರಲ್ಲಿ ನಗರಗಳ ಸ್ಥಿರಾಸ್ತಿಗಳ ಮೇಲೆ ತೆರಿಗೆ ಹಾಕಿ, ಮುಂಬಯಿಯ ಮನೆಮಾಲೀಕರ ಕೋಪಕ್ಕೆ ಅವರು ಗುರಿಯಾದರು. ತೆರಿಗೆ ಹಾಕುವವನು ಕಾರಣವನ್ನೂ ಹೇಳಬೇಕೆಂಬುದನ್ನು ಅವರು ಮೊದಲು ಕಲಿತುದು ಸ್ವಸಮಾಜದ ವಂತಿಗೆಯ ಸಭೆಗಳಲ್ಲಿ.

ಕೊಲ್ಹಾಪುರದಲ್ಲಿ ಛತ್ರಪತಿ ಶಾಹು ಮಹಾರಾಜರ ಪ್ರೋತ್ಸಾಹದಿಂದ ಬೇರೆ ಬೇರೆ ಸಮಾಜಗಳ ವಿದ್ಯಾರ್ಥಿನಿಲಯಗಳು ತಲೆಯೆತ್ತಿದ ಕಾಲವದು. ಜೈನ ಬೋರ್ಡಿಂಗ್ ಅವುಗಳಲ್ಲೊಂದು. ಲಠ್ಠೆಯವರು ಅದರ ಮೇಲ್ವಿಚಾರಕರು. ಹಳ್ಳಿಗಳಿಂದ ಬಂದ ಹುಡುಗರು ಅಲ್ಲಿ ಒಟ್ಟಿಗೆ ಉಂಡು, ಪಾಠ ಓದಿ, ದೇವದರ್ಶನ ಮಾಡಿ ಬೆಳೆದರು. ಕುಂಭೋಜ ಗ್ರಾಮದಲ್ಲಿ 1887ರಲ್ಲಿ ಜನಿಸಿದ ಭಾವೂರಾವ್ ಪಾಟೀಲರು ಆ ಹುಡುಗರಲ್ಲಿ ಒಬ್ಬರು. ಓದಿನಲ್ಲಿ ಅಷ್ಟಕ್ಕಷ್ಟೆ, ಕುಸ್ತಿ ಈಜುಗಳಲ್ಲಿ ಮುಂದು, ಶಿಸ್ತಿಗೆ ಬಗ್ಗುವುದು ಕಷ್ಟ.

1908ರಲ್ಲಿ ಕೊಲ್ಹಾಪುರದಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ವಿದ್ಯಾರ್ಥಿನಿಲಯವು ಆರಂಭವಾಯಿತು. ಭಾವೂರಾವ್ ಅದರ ಪ್ರಾರಂಭೋತ್ಸವಕ್ಕೆ ಹೋಗಿಬಂದರು. ಮರಳಿದಾಗ ಶುದ್ಧಿಸ್ನಾನ ಮಾಡಿ ಒಳಬರಬೇಕೆಂದು ವಿಧಿಯಾಯಿತು; ಅವರು ಒಪ್ಪಲಿಲ್ಲ. ಮೇಲ್ವಿಚಾರಕರು ಅವರನ್ನು ಬೋರ್ಡಿಂಗಿನಿಂದ ಹೊರಹಾಕಿದರೆಂದು ಭಾವೂರಾವರ ಚರಿತ್ರಕಾರರು ಬರೆಯುತ್ತಾರೆ. ಸಮಾಜಸುಧಾರಣೆಯ ಠರಾವುಗಳನ್ನು ಮಂಡಿಸಿದ ಹಿರಿಯರೇ, ಸಮಾಜದ ಎಲ್ಲೆಯನ್ನು ಒಂದು ಹೆಜ್ಜೆ ದಾಟಿದ ಹುಡುಗನನ್ನು ತಾಳಿಕೊಳ್ಳಲಾರದೆ ಹೋದರು. ಲಠ್ಠೆಯವರ ಪರವಾಗಿ ಹೇಳಬಹುದಾದುದು ಇಲ್ಲದಿಲ್ಲ. ಸಂಪ್ರದಾಯಸ್ಥ ದಾನಿಗಳ ಹಣದಿಂದ ನಡೆಯುವ ಸಂಸ್ಥೆಯ ಮೇಲ್ವಿಚಾರಕನ ಕಷ್ಟ ಅವನಿಗೇ ಗೊತ್ತು. ಆದರೂ ಆ ದಿನ ಬೋರ್ಡಿಂಗಿನಲ್ಲಿ ಸಂವಾದವು ನಿಂತಿತು, ನಿಯಮವೊಂದೇ ಮಾತಾಡಿತು ಎಂಬುದನ್ನು ಮರೆಮಾಡಬೇಕಾಗಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1914ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ್ ಅರಸನ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಸಂಸ್ಥಾನದ ಅಧಿಕಾರಿಗಳ ಸಂದೇಹವು ಲಠ್ಠೆಯವರ ಮೇಲೆ ತಿರುಗಿತು. ಅವರ ವಿರುದ್ಧ ಸಾಕ್ಷಿ ನುಡಿಯಲು ಭಾವೂರಾವರನ್ನು ಹಿಡಿದು ಒತ್ತಾಯಿಸಿದರು. ತನ್ನನ್ನು ಬೀದಿಗೆ ಹಾಕಿದ ಗುರುವಿನ ಮೇಲೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಸುಲಭವಾದ ಅವಕಾಶ ಯಾರಿಗೂ ಸಿಗದು. ಭಾವೂರಾವ್ ಸುಳ್ಳು ಸಾಕ್ಷಿ ಹೇಳಲಿಲ್ಲ. ಬಂಧನದಲ್ಲಿ ಹಿಂಸೆಯನ್ನು ಅನುಭವಿಸಿದರು, ಹಿಂಸೆ ತಾಳಲಾರದೆ ಪ್ರಾಣವನ್ನೇ ಬಿಡಲು ಯತ್ನಿಸಿದರು, ಸುಳ್ಳು ನುಡಿಯಲಿಲ್ಲ. ಸತ್ಯಾಣುವ್ರತದ ಅತಿಚಾರಗಳನ್ನು ಬೋರ್ಡಿಂಗಿನ ಧರ್ಮಪಾಠದಲ್ಲಿ ಕಂಠಪಾಠ ಮಾಡಿದ ಹುಡುಗರು ಅನೇಕರಿದ್ದಿರಬೇಕು. ಕೂಟಸಾಕ್ಷ್ಯವನ್ನು ಬಿಡಬೇಕೆಂಬ ಆ ಪಾಠವು ಇಂತಹ ಪರೀಕ್ಷೆಗೆ ಗುರಿಯಾದುದು ಒಬ್ಬರ ಬಾಳಿನಲ್ಲಿ.

ಭಾವೂರಾವರು 1919ರಲ್ಲಿ ಕರಾಡ ತಾಲ್ಲೂಕಿನ ಕಾಲೇ ಗ್ರಾಮದಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಅದರ ಕೇಂದ್ರವನ್ನು ಸಾತಾರೆಗೆ ಒಯ್ದು, ಅಲ್ಲಿ ವಿದ್ಯಾರ್ಥಿನಿಲಯವೊಂದನ್ನು ತೆರೆದರು. ಜೈನ ಬೋರ್ಡಿಂಗಿನಿಂದ ಅವರು ಕೊಂಡೊಯ್ದ ಸಂಗತಿಗಳು ಎರಡು. ಬಡ ಹಳ್ಳಿಯ ಹುಡುಗನಿಗೆ ಶಾಲೆಗಿಂತ ಮೊದಲು ಬೇಕಾದುದು ಉಣ್ಣಲು ಮಲಗಲು ಒಂದು ಸ್ಥಳವೆಂಬ ಅರಿವು ಒಂದು. ಆ ಸ್ಥಳದ ಬಾಗಿಲಲ್ಲಿ ಯಾರನ್ನೂ ತಡೆಯಬಾರದೆಂಬ ನಿಶ್ಚಯ ಮತ್ತೊಂದು. ಮೊದಲನೆಯದನ್ನು ಬೋರ್ಡಿಂಗ್ ಕಲಿಸಿತು. ಎರಡನೆಯದನ್ನು ಅದು ತನಗರಿವಿಲ್ಲದೆ ಕಲಿಸಿತು. ಸಾತಾರೆಯ ನಿಲಯದಲ್ಲಿ ಬ್ರಾಹ್ಮಣ, ಮರಾಠ, ಜೈನ, ಮುಸಲ್ಮಾನ, ದಲಿತ ಹುಡುಗರು ತಾವೇ ಅಡಿಗೆ ಮಾಡಿ ಒಂದೇ ಪಂಕ್ತಿಯಲ್ಲಿ ಉಂಡರು. ದುಡಿದು ಕಲಿಯುವ ಕ್ರಮವು ಅಲ್ಲಿ ರೂಢಿಯಾಯಿತು. ಮಹಾತ್ಮ ಗಾಂಧಿಯವರು 1927ರ ಫೆಬ್ರುವರಿಯಲ್ಲಿ ಅಲ್ಲಿಗೆ ಬಂದು, ಅದಕ್ಕೆ ಶ್ರೀ ಛತ್ರಪತಿ ಶಾಹು ಬೋರ್ಡಿಂಗ್ ಹೌಸ್ ಎಂದು ನಾಮಕರಣ ಮಾಡಿದರು.

ಮಾತಾಡಿ ಬೆಳೆಯುವ ಸಂಸ್ಥೆಗೆ ಇನ್ನೊಂದು ಉದಾಹರಣೆಯನ್ನು ಕರ್ನಾಟಕದ ಕರಾವಳಿಯಿಂದ ಕೊಡಬಹುದು. ಶ್ರೀ ಕ್ಷೇತ್ರ ಧರ್ಮಸ್ಥಳದಲ್ಲಿ ಮಂಜಯ್ಯ ಹೆಗ್ಗಡೆಯವರ ಕಾಲದಲ್ಲಿ, 1933ರಿಂದ, ಲಕ್ಷದೀಪೋತ್ಸವದ ಸಂದರ್ಭದಲ್ಲಿ ಸರ್ವಧರ್ಮ ಸಮ್ಮೇಳನವೂ ಸಾಹಿತ್ಯ ಸಮ್ಮೇಳನವೂ ನಡೆದುಬರುತ್ತಿವೆ. ಜೈನ ಧರ್ಮಾಧಿಕಾರಿ, ಶೈವ ಸನ್ನಿಧಿ, ವೈಷ್ಣವ ಅರ್ಚಕರು ಎಂಬ ಆ ಕ್ಷೇತ್ರದ ವ್ಯವಸ್ಥೆಯನ್ನು ಕಂಡವರಿಗೆ ತಿರುಮಲೆಯ ತಾತಯ್ಯನ ನೆನಪಾಗದಿರದು. ಅದರ ವಿವರಗಳು ಪ್ರತ್ಯೇಕ ಲೇಖನಕ್ಕೇ ವಿಷಯವಾಗತಕ್ಕವು.

ದಕ್ಷಿಣ ಭಾರತ ಜೈನ ಸಭೆಯ ಕಾರ್ಯವು ಶತಮಾನವನ್ನು ದಾಟಿದೆ. ಬೋರ್ಡಿಂಗುಗಳಲ್ಲಿ ಓದಿದವರು ವಕೀಲರಾದರು, ಶಿಕ್ಷಕರಾದರು, ಸಹಕಾರ ಸಂಘಗಳ ಅಧ್ಯಕ್ಷರಾದರು, ಶಾಸನಸಭೆಗಳಿಗೆ ಹೋದರು. ಲಠ್ಠೆಯವರು 1950ರಲ್ಲಿ ತೀರಿಕೊಂಡರು. ಭಾವೂರಾವರು 1947ರಲ್ಲಿ ಸಾತಾರೆಯಲ್ಲಿ ಶಿವಾಜಿ ಕಾಲೇಜನ್ನು ತೆರೆದರು. 1959ರಲ್ಲಿ ಪುಣೆ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನಿತ್ತಿತು. ಭಾರತ ಸರ್ಕಾರವು ಪದ್ಮಭೂಷಣವನ್ನಿತ್ತಿತು. ಶಿಕ್ಷಣ ಕಾಲೇಜಿನ ಬಾಗಿಲನ್ನು ಎಂದೂ ತುಳಿಯದ ಅವರನ್ನು ಜನರು ಅಷ್ಟರಲ್ಲಾಗಲೇ ಕರ್ಮವೀರರೆಂದು ಕರೆಯತೊಡಗಿದ್ದರು. ಅದೇ ವರ್ಷದ ಮೇ 9ರಂದು ಅವರು ದಿವಂಗತರಾದಾಗ, ಅವರ ನಿಲಯಗಳ ಅಡಿಗೆಮನೆಗಳಲ್ಲಿ ಹುಡುಗರು ಸರದಿಯಂತೆ ರೊಟ್ಟಿ ಸುಡುತ್ತಿದ್ದರು.